ಜಿನೀವಾದ ಕರಿ ಏಣಿ

ಕೋಟೆ ಹತ್ತುವ ಏಣಿಯೆಂದರೆ ಎರಡು ಉದ್ದನೆಯ ಗಳ, ನಡುವೆ ಅಡ್ಡಪಟ್ಟಿ, ಅಷ್ಟೇ ಎಂದುಕೊಂಡಿದ್ದೆ. 1602ರ ಡಿಸೆಂಬರಿನ ಕಗ್ಗತ್ತಲಲ್ಲಿ ಸವಾಯ್ ಡ್ಯೂಕ್ ಚಾರ್ಲ್ಸ್ ಇಮ್ಯಾನುಯೆಲ್‌ನ ಸೈನಿಕರು ಜಿನೀವಾದ ಗೋಡೆಗೆ ಆನಿಸಿದ ಏಣಿಯ ಮಾತೇ ಬೇರೆ. ಅದನ್ನು ತುಂಡುತುಂಡಾಗಿ ಬಿಚ್ಚಿ ಹೊತ್ತು ತರಬಹುದಿತ್ತು. ಗೋಡೆಯ ಬುಡದಲ್ಲಿ ಒಂದಕ್ಕೊಂದು ಸಿಕ್ಕಿಸಿದರೆ ಬೇಕಾದಷ್ಟು ಎತ್ತರ. ಇರುಳಲ್ಲಿ ಕಾಣದಿರಲೆಂದು ಕಪ್ಪು ಬಣ್ಣ. ನೆತ್ತಿಯಲ್ಲಿ ಪುಟ್ಟ ಗಾಲಿ, ಗೋಡೆಗೆ ಉಜ್ಜಿ ಸದ್ದಾಗದಂತೆ ಅದಕ್ಕೆ ಬಟ್ಟೆಯ ಹೊದಿಕೆ. ಈ ಬಟ್ಟೆಯ ಬಳಿ ನನ್ನ ಮನಸ್ಸು ನಿಂತುಬಿಡುತ್ತದೆ. ಕಾವಲುಗಾರನ ಕಣ್ಣನ್ನಷ್ಟೇ ಅಲ್ಲ, ಕಿವಿಯನ್ನೂ ಲೆಕ್ಕಕ್ಕೆ ಹಿಡಿದ ಆ ಏಣಿ ಮಾಡಿದವನು ಎಂಥ ಕಸುಬುದಾರ!

ಇನ್ನೂರರಷ್ಟು ಮಂದಿ ಹತ್ತಿಯೂಬಿಟ್ಟರು. ಒಳಗಿನಿಂದ ಹೆಬ್ಬಾಗಿಲು ಸಿಡಿಸಿ, ಹೊರಗೆ ಕಾದಿದ್ದ ದೊಡ್ಡ ಪಡೆಯನ್ನು ಬಿಟ್ಟುಕೊಳ್ಳುವುದು ಉಪಾಯ. ಅಷ್ಟರಲ್ಲಿ ಜಿನೀವಾ ಕಡೆಯ ಇಸಾಕ್ ಮರ್ಸಿಯೆ ಎಂಬಾತ ಇಳಿಬಾಗಿಲಿನ ಹಗ್ಗ ಕಡಿದ. ಹೆಬ್ಬಾಗಿಲಿನ ಮೇಲಿದ್ದ ಅದು ಧೊಪ್ಪನೆ ಬಿದ್ದು ದಾರಿ ಮುಚ್ಚಿತು. ಕೊತ್ತಳದ ಫಿರಂಗಿ ಏಣಿಗಳನ್ನು ಮುರಿಯಿತು. ಒಳಗಿದ್ದವರಿಗೆ ಇಳಿಯುವ ದಾರಿಯೇ ಉಳಿಯಲಿಲ್ಲ.

ಜಿನೀವಾದ 18 ಜನ ಆ ರಾತ್ರಿ ಮಡಿದರು. ನಗರ ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ಅವರನ್ನು ನೆನೆಯುತ್ತದೆ. ಆ ದಿನಕ್ಕೆ ಅದು ಇಟ್ಟುಕೊಂಡ ಹೆಸರು ‘ಎಸ್ಕಲಾಡ್’, ಎಂದರೆ ಏಣಿ ಹಾಕಿ ಹತ್ತುವುದು.