ಪರ್ಯಾಯ ಜಾಲತಾಣಗಳೂ ಶ್ರಾವಕನ ಸಂಯಮವೂ

ಗೃಹಸ್ಥನಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ಮನೋವಚನಕಾಯಗಳ ವ್ಯಾಪಾರದಿಂದ ಹಿಂದೆ ಸರಿಯುವುದೇ ಆ ವ್ರತದ ತಿರುಳು. ಇಂದು ಹುಬ್ಬಳ್ಳಿ-ಧಾರವಾಡದ ಯಾವ ಮನೆಯ ಪಡಸಾಲೆಯಲ್ಲಿ ಕುಳಿತರೂ ಯಾವ ಮೊಬೈಲು ಮೇಲು, ಯಾವ ಜಾಲತಾಣ ಕೆಟ್ಟಿತು, ಅದನ್ನು ಬಿಟ್ಟು ಯಾವುದನ್ನು ಸೇರಬೇಕು ಎಂಬ ಮಾತು ಕೇಳಿಬರುತ್ತದೆ. ಈ ಅಭಿಪ್ರಾಯಗಳಲ್ಲಿ ವಸ್ತುವಿನ ಗುಣದೋಷಗಳ ವಿವೇಚನೆ ಹೇರಳವಾಗಿರುತ್ತದೆ. ಬಳಸುವವನ ಗುಣದೋಷಗಳ ವಿವೇಚನೆ ಮಾತ್ರ ವಿರಳ. ಆದ್ದರಿಂದ ಈ ಚರ್ಚೆಯನ್ನು ಶ್ರಾವಕಾಚಾರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ.

ಪರ್ಯಾಯ ಜಾಲತಾಣವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವತ್ಕಾ ಅವರು ಸ್ಥಾಪಿಸಿದ ಈ ತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ಆರಂಭವಾಯಿತು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಪುರಸ್ಕಾರ ಪಡೆಯಿತು. 2021ರ ಫೆಬ್ರವರಿಯಲ್ಲಿ ಸರ್ಕಾರಕ್ಕೂ ಟ್ವಿಟರ್ ಸಂಸ್ಥೆಗೂ ವಿವಾದವೆದ್ದಾಗ ಮಂತ್ರಿಗಳೂ ಗಣ್ಯರೂ ಅಲ್ಲಿಗೆ ಬಂದರು. ಉಚ್ಛ್ರಾಯದ ದಿನಗಳಲ್ಲಿ ನಿತ್ಯ 21 ಲಕ್ಷ ಜನ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರೇ ತಿಳಿಸಿದ್ದಾರೆ. ಆದರೆ ವೆಚ್ಚ ಭರಿಸಲಾಗದೆ, ಇತರ ಸಂಸ್ಥೆಗಳೊಡನೆ ನಡೆದ ಮಾತುಕತೆಗಳೂ ಫಲಿಸದೆ, 2024ರ ಜುಲೈಯಲ್ಲಿ ಅದು ಮುಚ್ಚಿಹೋಯಿತು.

ಮಾತೃಭಾಷೆಯಲ್ಲಿ ಮಾತನಾಡುವ ವೇದಿಕೆಯನ್ನು ಕಟ್ಟಲು ಹೊರಟ ಆ ಪ್ರಯತ್ನ ಅಭಿನಂದನೀಯ. ಆದರೆ ವಿಮರ್ಶೆಯ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಅಲ್ಲಿ ಬದಲಾದದ್ದು ಭಾಷೆ ಮತ್ತು ಒಡೆತನ. ಅನುಯಾಯಿಗಳನ್ನು ಎಣಿಸುವ, ಮೆಚ್ಚುಗೆಯನ್ನು ಲೆಕ್ಕ ಹಾಕುವ, ಮಾತಿಗೆ ಮಾತು ಬೆಳೆಸುವ ಏರ್ಪಾಡು ಹಳೆಯದೇ ಆಗಿತ್ತು. ಮಾನಕಷಾಯವನ್ನು ಕೆರಳಿಸುವ ಯಂತ್ರವು ಸ್ವದೇಶಿಯಾದ ಮಾತ್ರಕ್ಕೆ ಕಷಾಯವು ಮಂದವಾಗದು.

2021ರ ಜನವರಿಯಲ್ಲಿ ವಾಟ್ಸ್ಆ್ಯಪ್ ತನ್ನ ನಿಯಮಗಳ ಬದಲಾವಣೆಯನ್ನು ಪ್ರಕಟಿಸಿದಾಗ ಅನೇಕರು ‘ಸಿಗ್ನಲ್’ಗೆ ಹೋದರು. ಸಿಗ್ನಲನ್ನು ನಡೆಸುವುದು ಲಾಭರಹಿತ ಸಂಸ್ಥೆ, ಅದರಲ್ಲಿ ಜಾಹೀರಾತುಗಳಿಲ್ಲ. ಜನರ ಗಮನವನ್ನು ಮಾರಿ ಬದುಕಬೇಕಾದ ಒತ್ತಡ ಅದಕ್ಕಿಲ್ಲವೆಂಬುದು ನಿಜಕ್ಕೂ ಒಂದು ನೈತಿಕ ವ್ಯತ್ಯಾಸ. ಆದರೂ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎದುರಿಗಿಟ್ಟುಕೊಂಡರೆ ಇದರ ಮಿತಿಯೂ ತಿಳಿಯುತ್ತದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬಿವು ಆ ಅತಿಚಾರಗಳು. ಗೂಢಲಿಪಿಯು ಮಾತನ್ನು ಕಂಪನಿಯ ಕಣ್ಣಿನಿಂದ ಮರೆಮಾಡಬಹುದು. ಆದರೆ ನಂಬಿ ಕಳಿಸಿದ ಗುಟ್ಟನ್ನು ನೂರು ಜನರ ಬಳಗಕ್ಕೆ ದಾಟಿಸುವವನು ಸ್ವೀಕರಿಸಿದ ಮಿತ್ರನೇ ಹೊರತು ಕಂಪನಿಯಲ್ಲ. ರಹೋಭ್ಯಾಖ್ಯಾನ ಅವನ ಬೆರಳಿನಲ್ಲಿದೆ. ತಿದ್ದಿದ ಚಿತ್ರ, ಕತ್ತರಿಸಿದ ಭಾಷಣ, ಇನ್ನೊಬ್ಬರ ಹೆಸರಿನ ಸುಳ್ಳು ಪತ್ರ ಇವೆಲ್ಲ ಕೂಟಲೇಖವೇ ಸರಿ.

ಇದರ ಫಲ ಎಷ್ಟು ಘೋರವಾಗಬಲ್ಲದೆಂಬುದನ್ನು ನಾಡು ಕಂಡಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್ಆ್ಯಪಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಗುಂಪಿನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕುವುದಾಗಿ ಸಾರಿತು. 2022ರ ಏಪ್ರಿಲ್ 16ರ ರಾತ್ರಿ, ಜಾಲತಾಣದಲ್ಲಿ ಹಾಕಿದ ಒಂದು ಚಿತ್ರದ ಕಾರಣ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯೆದುರು ಜನ ಸೇರಿ ಕಲ್ಲು ತೂರಾಟ ನಡೆಯಿತು. ಹಲವು ಪೊಲೀಸರು ಗಾಯಗೊಂಡರು. ಹಿಂಸೆಯನ್ನು ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಜಿನಧರ್ಮ ಎಣಿಕೆಗೆ ತಂದಿದೆ. ಪರಿಶೀಲಿಸದೆ ದಾಟಿಸಿದ ಸಂದೇಶವು ಈ ಮೂರರಲ್ಲಿ ಯಾವುದು ಎಂಬುದನ್ನು ದಾಟಿಸಿದವನು ಕೇಳಿಕೊಳ್ಳಬೇಕು.

ಇನ್ನು ಉಪಕರಣಗಳ ಮಾತು. ಮೂರ್ಛೆಯೇ, ಎಂದರೆ ಮಮತ್ವವೇ ಪರಿಗ್ರಹವೆಂದು ಆಚಾರ್ಯ ಉಮಾಸ್ವಾತಿಗಳು ನಿರೂಪಿಸಿದ್ದಾರೆ. ಚೆನ್ನಾಗಿ ನಡೆಯುತ್ತಿರುವ ಫೋನನ್ನು ಹೊಸ ಮಾದರಿ ಬಂದಿತೆಂಬ ಒಂದೇ ಕಾರಣಕ್ಕೆ ಬದಲಿಸುವುದು ಅಗತ್ಯವಲ್ಲ, ಮೂರ್ಛೆ. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ; ಅಲ್ಲಿನ ಕೆಲವು ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ಎಸೆದ ಉಪಕರಣದಲ್ಲಿ ಸೀಸದಂತಹ ವಿಷವಸ್ತುಗಳಿರುತ್ತವೆ. ಅದನ್ನು ಬಯಲಲ್ಲಿ ಸುಟ್ಟರೆ ಗಾಳಿಗೂ ಮಣ್ಣಿಗೂ ನೀರಿಗೂ, ಅವುಗಳನ್ನು ಆಶ್ರಯಿಸಿದ ಜೀವರಾಶಿಗೂ ಕೇಡು. ನೀರನ್ನು ಸೋಸಿ ಕುಡಿಯುವ ಮನೆಯವರು ಈ ದೂರದ ಹಿಂಸೆಯನ್ನು ಕಾಣದಿರುವುದು ಸಲ್ಲದು. ಭೋಗೋಪಭೋಗ ಪರಿಮಾಣದಲ್ಲಿ ವಸ್ತ್ರಾಭರಣಗಳಿಗೆ ಮಿತಿ ಹಾಕಿಕೊಳ್ಳುವವರು ಮನೆಯಲ್ಲಿ ಎಷ್ಟು ಫೋನು, ಎಷ್ಟು ವರ್ಷಕ್ಕೊಂದು ಎಂಬುದನ್ನೂ ಸೇರಿಸಬಹುದು.

ಇದಕ್ಕೆ ಪ್ರತಿವಾದವೂ ಇದೆ. ಬಸದಿಗೆ ಬರಲಾಗದ ವೃದ್ಧರು ಮುನಿಗಳ ಪ್ರವಚನವನ್ನು ಮನೆಯಲ್ಲೇ ಕೇಳುತ್ತಾರೆ. ವಿಹಾರದ ಸುದ್ದಿ, ಚಾತುರ್ಮಾಸದ ಕಾರ್ಯಕ್ರಮ, ವಿದ್ಯಾರ್ಥಿವೇತನದ ಪ್ರಕಟಣೆ ಕ್ಷಣಾರ್ಧದಲ್ಲಿ ಎಲ್ಲರಿಗೂ ಮುಟ್ಟುತ್ತವೆ. ಈ ಮಾತು ಸತ್ಯ. ಪ್ರಯೋಜನವಿರುವ ಕ್ರಿಯೆ ಅನರ್ಥದಂಡವಲ್ಲ. ಆದರೆ ಪ್ರಯೋಜನ ಮುಗಿದ ಬಳಿಕವೂ ಬೆರಳು ನಿಲ್ಲದಿದ್ದರೆ, ಅಲ್ಲಿಂದ ಮುಂದಿನದು ಮೌಖರ್ಯ, ಅಸಮೀಕ್ಷ್ಯಾಧಿಕರಣ.

2022ರ ಪರ್ಯೂಷಣದಲ್ಲಿ ಮಧ್ಯಪ್ರದೇಶದ ಬೇಗಮ್‌ಗಂಜಿನ ಜೈನ ಬಂಧುಗಳು ಒಂದು ದಿನ ಮೊಬೈಲನ್ನು ತೊರೆದು ಹೊಸ ಬಗೆಯ ಉಪವಾಸ ಕೈಗೊಂಡರು. ಬೆಳಗಾವಿಯ ಹಲಗಾ ಗ್ರಾಮದಲ್ಲಿ, ಸಂಜೆ ಏಳಕ್ಕೆ ಸೈರನ್ ಮೊಳಗಿದೊಡನೆ ಒಂಬತ್ತರವರೆಗೆ ಟಿವಿ, ಮೊಬೈಲುಗಳನ್ನು ಆರಿಸಿ ಮಕ್ಕಳನ್ನು ಓದಿಗೆ ಕೂರಿಸುವ ಪದ್ಧತಿ ಆರಂಭವಾಯಿತು. ಎರಡೂ ಸ್ತುತ್ಯರ್ಹ. ಆದರೆ ವರ್ಷಕ್ಕೊಂದು ದಿನದ ತ್ಯಾಗ ಮರುದಿನದ ಪಾರಣೆಯೊಡನೆ ಮರೆಯಾಗಬಹುದು. ನಿತ್ಯದ ಅಲ್ಪ ನಿಯಮವೇ ಸಂಸ್ಕಾರವಾಗಿ ಉಳಿಯುತ್ತದೆ. ಜೈನ ಮನೆತನಗಳಿಗೆ ಸೈರನ್ನಿನ ಅಗತ್ಯವೂ ಇಲ್ಲ. ಎರಡು ಘಳಿಗೆಯ, ಎಂದರೆ 48 ನಿಮಿಷಗಳ ಸಾಮಾಯಿಕವನ್ನು ಹಿರಿಯರು ಬಹು ಹಿಂದೆಯೇ ಹಾಕಿಕೊಟ್ಟಿದ್ದಾರೆ. ಆ ಹೊತ್ತಿನಲ್ಲಿ ಮನೆಯ ಫೋನುಗಳೆಲ್ಲ ಒಂದೆಡೆ ಮೌನವಾಗಿದ್ದರೆ ಸಾಕು.

ಬಸದಿ ಹಾಗೂ ಮಂದಿರಗಳ ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಟ್ರಸ್ಟಿನ ಬಳಗದಲ್ಲಿ ಪ್ರಕಟಣೆಗಳಿಗೆ ಮಾತ್ರ ಅವಕಾಶವಿರಲಿ. ಸದಸ್ಯರ ದೂರವಾಣಿ ಸಂಖ್ಯೆ, ದಾನಿಗಳ ವಿವರ ಇವು ನ್ಯಾಸ, ಅನ್ಯರಿಗೆ ಕೊಡತಕ್ಕವಲ್ಲ. ‘ಕೂ’ ಮುಚ್ಚಿದ್ದು ಕಲಿಸುವ ಪಾಠವೂ ಇದೆ: ಯಾವ ತಾಣವೂ ಶಾಶ್ವತವಲ್ಲ. ಕಾರ್ಯಕ್ರಮಗಳ ದಾಖಲೆ, ಪ್ರವಚನಗಳ ಧ್ವನಿಮುದ್ರಣ, ಹಳೆಯ ಛಾಯಾಚಿತ್ರಗಳನ್ನು ಪರರ ಜಾಲತಾಣಕ್ಕೆ ಮಾತ್ರ ಒಪ್ಪಿಸದೆ ತನ್ನ ಭಂಡಾರದಲ್ಲೂ ಕಾದಿಡಬೇಕು. ಓಲೆಗರಿಗಳನ್ನು ನೂರಾರು ವರ್ಷ ಕಾಪಾಡಿದ ಸಮಾಜಕ್ಕೆ ಇದು ಹೊಸ ಪಾಠವೇನಲ್ಲ.

ಯಾವ ತಾಣ ಒಳ್ಳೆಯದೆಂಬ ಪ್ರಶ್ನೆ ನಿರರ್ಥಕವಲ್ಲ. ಜಾಹೀರಾತಿಲ್ಲದ್ದು, ಮಾತೃಭಾಷೆಗೆ ಮನ್ನಣೆ ಕೊಡುವಂಥದ್ದು ಮೇಲೆಂಬುದು ನಿರ್ವಿವಾದ. ಆದರೆ ಅದು ಎರಡನೆಯ ಪ್ರಶ್ನೆ. ಈ ಮಾತು ಸತ್ಯವೇ, ಹಿತವೇ, ಅವಶ್ಯವೇ ಎಂಬುದು ಮೊದಲನೆಯದು. ಅದನ್ನು ಕೇಳಿಕೊಂಡ ಶ್ರಾವಕನಿಗೆ ಯಾವ ತಾಣದಲ್ಲೂ ಹಾನಿಯಿಲ್ಲ. ಕೇಳದವನಿಗೆ ಯಾವ ಪರ್ಯಾಯವೂ ಆಶ್ರಯವಾಗದು.