ನಕ್ಷೆಯ ಮೇಲೆ ಒಡೆಯುವ ಒತ್ತಕ್ಷರ

ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಎಷ್ಟು ಕ್ಯುಸೆಕ್ ನೀರು ಬಿಟ್ಟರು ಎಂಬುದು ಮಳೆಗಾಲದಲ್ಲಿ ದೇವದುರ್ಗ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ದೊಡ್ಡ ಸುದ್ದಿ. 2019ರ ಆಗಸ್ಟ್‌ನಲ್ಲಿ ಹೂವಿನಹೆಡಗಿ ಸೇತುವೆಯೇ ಮುಳುಗಿತು. ಬ್ಯಾರೇಜೂ ಅಲ್ಲಮಪ್ರಭುವಿನ ಗುಡಿಯೂ ಇರುವ ಗೂಗಲ್ ಎಂಬ ಊರಿನವರಿಗೆ ನೀರಿನ ಈ ಅಂಕಿ ಬದುಕಿನ ಲೆಕ್ಕ. ಇಂಥ ಅಂಕಿಗಳನ್ನು ಬೆರಳು ಮುಟ್ಟಿದರೆ ವಿವರ ಕೊಡುವ ನಕ್ಷೆ, ಗ್ರಾಫ್‌ಗಳಾಗಿ ಬ್ರೌಸರ್‌ನಲ್ಲೇ ತೋರಿಸಬಲ್ಲ ಮುಕ್ತ ತಂತ್ರಾಂಶಗಳು ಹಲವಿವೆ. ಗೂಗಲ್‌ನ ಓದುಗರು ತಮ್ಮ ಮೊಬೈಲಿನಲ್ಲಿ ಅವನ್ನು ಕನ್ನಡದಲ್ಲಿ ಸಲೀಸಾಗಿ ಓದಬಲ್ಲರೇ? ಅವುಗಳ ಬೆಲೆ ಕಟ್ಟಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋರದು.

ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕ್ ಬಾಸ್ಟಾಕ್ ಮತ್ತು ಸಂಗಡಿಗರು ರೂಪಿಸಿ 2011ರಲ್ಲಿ ಹೊರತಂದ ಡಿ3 ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದರಲ್ಲಿ ಗ್ರಾಫ್‌ನ ಅಕ್ಷರಗಳನ್ನು ಸಾಮಾನ್ಯವಾಗಿ ಬ್ರೌಸರೇ ಬರೆಯುತ್ತದೆ; ಹಾಗಾಗಿ ‘ಕೃಷ್ಣಾ’ದ ಒತ್ತು, ‘ದೇವದುರ್ಗ’ದ ಅರ್ಕಾವತ್ತು ತಪ್ಪದೆ ಮೂಡುತ್ತವೆ. ಅಂಕಿಗಳನ್ನು ಅದು ತಾನಾಗಿ 600,000 ಎಂದು ಬಿಡಿಸಿದರೂ, ಭಾರತೀಯ ಕ್ರಮವನ್ನು ಹೇಳಿಕೊಟ್ಟರೆ 6,00,000 ಎಂದೇ ತೋರಿಸುತ್ತದೆ. ಕಲಿಯುವ ಹಾದಿ ಮಾತ್ರ ಕಡಿದು. ಒಂದು ಅಕ್ಷರೇಖೆಯನ್ನೂ ಬಿಡಿಬಿಡಿಯಾಗಿ ಕಟ್ಟಬೇಕಾದ ಈ ಸಲಕರಣೆ ರಾಯಚೂರಿನ ಪದವಿ ವಿದ್ಯಾರ್ಥಿಗೆ ಬೇಗ ಒಲಿಯದು.

ಕೀವ್‌ನ ವೊಲೊಡಿಮಿರ್ ಅಗಾಫೊಂಕಿನ್ ಅದೇ 2011ರಲ್ಲಿ ಬಿಡುಗಡೆ ಮಾಡಿದ ಲೀಫ್ಲೆಟ್ ಕಲಿಯಲು ಸುಲಭ. ಅದರ ತೂಕ ಸುಮಾರು 42 ಕಿಲೋಬೈಟ್. ನೆಟ್‌ವರ್ಕ್ ಸೊರಗಿದ ಊರಿನಲ್ಲಿ ಇದೇ ಅದರ ದೊಡ್ಡ ಗುಣ. ಆದರೆ ತಳದ ನಕ್ಷೆ ಸಾಮಾನ್ಯವಾಗಿ ಸಿದ್ಧ ಚಿತ್ರಗಳಾಗಿ ಬರುವುದರಿಂದ, ಊರ ಹೆಸರು ಯಾವ ಭಾಷೆಯಲ್ಲಿರಬೇಕೆಂಬುದು ಚಿತ್ರ ಕಳಿಸುವವರ ಕೈಯಲ್ಲಿದೆ.

ಆ ಕೊರತೆಯನ್ನು ನೀಗಬಲ್ಲದ್ದು ಮ್ಯಾಪ್‌ಲಿಬ್ರೆ. ಮ್ಯಾಪ್‌ಬಾಕ್ಸ್ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ತನ್ನ ನಕ್ಷೆ ತಂತ್ರಾಂಶದ ಪರವಾನಗಿ ಬಿಗಿಗೊಳಿಸಿದಾಗ ಬಳಕೆದಾರರು ಅದರ ಹಿಂದಿನ ಮುಕ್ತ ಆವೃತ್ತಿಯನ್ನು ಈ ಹೆಸರಿನಲ್ಲಿ ಕವಲೊಡೆಸಿ ಉಳಿಸಿಕೊಂಡರು. ಅದರಲ್ಲಿ ನಕ್ಷೆಯ ಭಾಷೆಯನ್ನು ನಾವೇ ಆಯ್ದುಕೊಳ್ಳಬಹುದು, ಚಲನೆಯೂ ನಯ. ಎಡವುವುದು ಕನ್ನಡದಲ್ಲೇ. ಅಕ್ಷರಚಿಹ್ನೆಗಳನ್ನು ಒಂದೊಂದಾಗಿ ಎತ್ತಿ ಸಾಲಾಗಿ ಇಡುವುದು ಅದರ ಮೂಲ ಕ್ರಮ. ಆ ಕ್ರಮದಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ, ಗುಣಿತದ ಗುರುತು ವ್ಯಂಜನದಿಂದ ಕಳಚಿಕೊಳ್ಳುತ್ತದೆ. ಅರಬ್ಬಿ, ಹೀಬ್ರೂಗಳಿಗೆ ಪ್ರತ್ಯೇಕ ಪ್ಲಗಿನ್ ಬಂದು ವರ್ಷಗಳಾದವು. ಭಾರತೀಯ ಲಿಪಿಗಳಿಗೆ ಅಷ್ಟು ಬೇಗ ಆ ಭಾಗ್ಯ ಒದಗಲಿಲ್ಲ.

ಸದ್ಯಕ್ಕೆ ನದಿಯ ಮಾಹಿತಿಯನ್ನು ಕನ್ನಡದಲ್ಲಿ ಕೊಡಹೊರಟವರು ಲೀಫ್ಲೆಟ್ ನಕ್ಷೆಯನ್ನೂ ಡಿ3 ಗ್ರಾಫನ್ನೂ ಜೋಡಿಸುವುದೇ ಲೇಸು. ಹಾಗೆಂದು ಮ್ಯಾಪ್‌ಲಿಬ್ರೆಯನ್ನು ಕೈಬಿಡಬಾರದು. ಅದರ ಕೋಡ್ ನಮ್ಮ ಮುಂದೆ ತೆರೆದಿದೆ. ಅದನ್ನು ತಿದ್ದಬಲ್ಲ ಕನ್ನಡಿಗ ಎಂಜಿನಿಯರುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಹೊಸ ಬದಲಾವಣೆಯಿಂದ ಚಿತ್ರ ಕೆಟ್ಟಿತೇ ಎಂದು ಮಾದರಿ ಚಿತ್ರಗಳೊಡನೆ ಹೋಲಿಸಿ ನೋಡುವ ಏರ್ಪಾಡು ಆ ಯೋಜನೆಯಲ್ಲಿದೆ. ‘ಕೃಷ್ಣಾ’, ‘ದೇವದುರ್ಗ’, ‘ಗೂಗಲ್’ ಎಂಬ ಹೆಸರುಗಳು ಆ ಮಾದರಿಗಳಲ್ಲಿ ಸೇರಬೇಕು, ಅವು ಒಡೆದರೆ ತಂತ್ರಾಂಶವೇ ಕೆಟ್ಟಿತೆಂದು ಎಣಿಸಬೇಕು. ಕೆಲಸ ಅಲ್ಲಿಂದ ಶುರುವಾಗಲಿ.