ಬಡ ಮಕ್ಕಳ ಸಿನಿಮಾದಲ್ಲಿ ಕಟಕಟೆಗೆ ಹತ್ತುವವರು ಯಾರು?

ಇರಾನಿನ ‘ಚಿಲ್ಡ್ರನ್ ಆಫ್ ಹೆವನ್’, ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’, ಲೆಬನಾನಿನ ‘ಕಪರ್ನೌಮ್’. ಈ ಮೂರರಲ್ಲಿ ಒಂದನ್ನಾದರೂ ನೀವು ನೋಡಿರ್ತೀರಿ. ಇಲ್ಲದಿದ್ದರೆ ಯಾರಾದರೂ “ನೋಡು, ಅಳು ಬರುತ್ತೆ” ಅಂತ ಲಿಂಕ್ ಕಳಿಸಿರ್ತಾರೆ. ಮೂರರಲ್ಲೂ ಒಬ್ಬ ಅಣ್ಣ, ಒಬ್ಬಳು ತಂಗಿ, ಮತ್ತು ಇಲ್ಲದ ಕಷ್ಟ. ನಾನು ಚಿತ್ರೋತ್ಸವಗಳಿಗೆ ಹೋಗುವವಳಲ್ಲ. ಮನೆಯಲ್ಲೇ ಟೀವಿ ಮುಂದೆ ಕೂತು, ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ನೋಡುವವಳು. ಹಾಗೆ ಎರಡೆರಡು ಸಲ ನೋಡಿದ ಮೇಲೆ ಅನಿಸಿದ್ದು ಇದು: ಕಣ್ಣೀರಿನ ಲೆಕ್ಕದಲ್ಲಿ ಮೂರೂ ಒಂದೇ. ಆದರೆ ಆ ಮಕ್ಕಳ ಕಷ್ಟಕ್ಕೆ ಯಾರು ಹೊಣೆ ಅಂತ ಕೇಳಿದರೆ ಮೂರೂ ಮೂರು ದಾರಿ ಹಿಡಿಯುತ್ತವೆ. ಅದರಲ್ಲಿ ಒಂದು ದಾರಿಯ ಬಗ್ಗೆ ನನಗೆ ತಕರಾರಿದೆ.

ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ 1997ರದ್ದು. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಇರಾನಿ ಚಿತ್ರ. ಕಥೆ ಒಂದೇ ಸಾಲಿನದು: ತಂಗಿ ಜಹ್ರಾಳ ಹೊಲಿಸಿ ತಂದ ಬೂಟನ್ನು ಅಣ್ಣ ಅಲಿ ತರಕಾರಿ ಅಂಗಡಿಯಲ್ಲಿ ಕಳೆದುಕೊಳ್ಳುತ್ತಾನೆ. ಅಪ್ಪನ ಹತ್ತಿರ ದುಡ್ಡಿಲ್ಲ ಅಂತ ಇಬ್ಬರಿಗೂ ಗೊತ್ತು. ಹಾಗಾಗಿ ಅಪ್ಪನಿಗೆ ಹೇಳದೆ, ಅಲಿಯ ಒಂದೇ ಜೋಡಿಯಲ್ಲಿ ಇಬ್ಬರೂ ಶಾಲೆಗೆ ಹೋಗಿಬರುತ್ತಾರೆ, ಅವಳು ಬೆಳಿಗ್ಗೆ, ಇವನು ಮಧ್ಯಾಹ್ನ.

ಇದರಲ್ಲಿ ಒಂದು ದೃಶ್ಯವನ್ನು ನಮ್ಮ ಓದುಗರು ಉಳಿದವರಿಗಿಂತ ಬೇಗ ಹಿಡಿಯುತ್ತೀರಿ ಅಂದುಕೊಂಡಿದ್ದೇನೆ. ಅಪ್ಪ ಮಸೀದಿಯ ಚಹಾಕ್ಕೆಂದು ಸಕ್ಕರೆ ಗಡ್ಡೆ ಒಡೆಯುತ್ತಾ ಕೂತಿದ್ದಾನೆ, ಮುಂದೆ ರಾಶಿ ಬಿದ್ದಿದೆ. ಜಹ್ರಾ ಚಹಾ ತಂದರೆ ಸಕ್ಕರೆ ತಾ ಅನ್ನುತ್ತಾನೆ. ಇಷ್ಟೊಂದು ಇದೆಯಲ್ಲ ಅಂತಾಳೆ ಹುಡುಗಿ. ಅದು ಮಸೀದಿಯದು, ನಮ್ಮದಲ್ಲ ಅನ್ನುತ್ತಾನೆ. ಅಮಾನತ್ ಅನ್ನುವ ಮಾತಿಗೆ ಇದಕ್ಕಿಂತ ಸರಳ ವಿವರಣೆ ನಾನು ಪರದೆ ಮೇಲೆ ನೋಡಿಲ್ಲ. ಮಜೀದಿ ಅದಕ್ಕೆ ಹಿನ್ನೆಲೆ ಸಂಗೀತ ಹಾಕಿ ಒತ್ತಿ ಹೇಳುವುದಿಲ್ಲ, ಅಪ್ಪನನ್ನು ಸಂತನನ್ನಾಗಿ ಮಾಡುವುದೂ ಇಲ್ಲ. ಅದೇ ಅಪ್ಪ ಮಗನ ಮೇಲೆ ರೇಗುತ್ತಾನೆ, ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಾನೆ. ಉತ್ತರ ತೆಹ್ರಾನಿನ ಬಂಗಲೆಗಳ ಮುಂದೆ ತೋಟದ ಕೆಲಸ ಕೇಳುತ್ತಾ ಹೋದಾಗ ಗೇಟಿನ ಇಂಟರ್‌ಕಾಮ್ ಎದುರು ಅವನಿಗೆ ಮಾತೇ ಹೊರಡುವುದಿಲ್ಲ. ಮಗ ಮುಂದೆ ಬಂದು ಮಾತಾಡುತ್ತಾನೆ. ಕಲಬುರಗಿ, ವಿಜಯಪುರ ಕಡೆಯಿಂದ ಪುಣೆ, ಮುಂಬೈಗೆ ಕೂಲಿಗೆ ಬಂದವರ ಮನೆಯ ಮಕ್ಕಳಿಗೆ ಈ ಕ್ಷಣ ಚೆನ್ನಾಗಿ ಗೊತ್ತು. ಸೊಸೈಟಿಯ ವಾಚ್‌ಮನ್ ಹತ್ತಿರ ಮರಾಠಿಯಲ್ಲಿ ಮಾತಾಡೋದು ಯಾವಾಗಲೂ ಮಗನೇ ಅಲ್ವಾ?

ಕಳೆದ ಬೂಟು ಕೊನೆಗೆ ಇನ್ನೊಬ್ಬ ಹುಡುಗಿಯ ಕಾಲಲ್ಲಿ ಕಾಣುತ್ತದೆ. ಅಣ್ಣ ತಂಗಿ ಅವಳ ಮನೆ ತನಕ ಹೋಗುತ್ತಾರೆ. ಅವಳ ಅಪ್ಪ ಕುರುಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನೆ ವಾಪಸ್ ಬರುತ್ತಾರೆ. ಇಲ್ಲಿ ಯಾರನ್ನೂ ಕಟಕಟೆಗೆ ಹತ್ತಿಸಿಲ್ಲ, ಬಡತನವನ್ನು ಮುಚ್ಚಿಟ್ಟೂ ಇಲ್ಲ. 2010ರಲ್ಲಿ ಪ್ರಿಯದರ್ಶನ್ ಇದನ್ನು ಹಿಂದಿಯಲ್ಲಿ ‘ಬಮ್ ಬಮ್ ಬೋಲೆ’ ಮಾಡಿದಾಗ ಉಗ್ರವಾದದ ಉಪಕಥೆಯೊಂದನ್ನು ತುರುಕಿದರು. ಒಂದು ಜೋಡಿ ಬೂಟು ಕಳೆಯುವುದು ಕಥೆಗೆ ಸಾಲದು ಅಂತ ಅನಿಸಿತೇನೋ.

‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ಗೆ ಬರೋಣ. ಅನಿಮೆ ಅಂದರೆ ಕಾರ್ಟೂನ್ ಅಂದುಕೊಂಡು ಚಿಕ್ಕ ಮಕ್ಕಳನ್ನು ಇದರ ಮುಂದೆ ಕೂರಿಸಬೇಡಿ. (1988ರಲ್ಲಿ ಜಪಾನಿನಲ್ಲಿ ಇದನ್ನೂ ‘ಮೈ ನೇಬರ್ ಟೊಟೊರೊ’ವನ್ನೂ ಒಂದೇ ಟಿಕೆಟ್‌ನಲ್ಲಿ ಜೋಡಿಯಾಗಿ ತೋರಿಸಿದ್ದರು. ಆ ದಿನ ಮನೆಗೆ ಹೋದ ಮಕ್ಕಳ ಪಾಡು ಏನಾಗಿತ್ತೋ!) ಮೂಲ ಕಥೆ ಅಕಿಯುಕಿ ನೊಸಾಕಾ ಅವರದು. ಯುದ್ಧದಲ್ಲಿ ತನ್ನ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡು, ಆ ಪಶ್ಚಾತ್ತಾಪದಲ್ಲೇ ಬರೆದದ್ದು.

1945ರ ಕೋಬೆ. ಬಾಂಬಿನ ಬೆಂಕಿಯಲ್ಲಿ ತಾಯಿ ಸತ್ತ ಮೇಲೆ 14ರ ಸೇತಾ, 4ರ ಸೆತ್ಸುಕೋ ಬಂಧುವಿನ ಮನೆ ಸೇರುತ್ತಾರೆ. ಆ ಹೆಂಗಸು ತಾಯಿಯ ಕಿಮೋನೊಗಳನ್ನು ಅಕ್ಕಿಗೆ ಮಾರಿಸುತ್ತಾಳೆ, ಕೆಲಸಕ್ಕೆ ಹೋಗುವವರಿಗೆ ಗಟ್ಟಿ ಗಂಜಿ, ಇವರಿಗೆ ನೀರು ನೀರು. ಮೊದಲ ಸಲ ನೋಡಿದಾಗ ಎಲ್ಲರೂ ಅವಳನ್ನು ಬೈಯುತ್ತಾರೆ. ನಾನು ಸಬ್‌ಟೈಟಲ್ ಓದಿ ಓದಿ ಹೇಳ್ತಾ ಇದ್ದಾಗ ನಮ್ಮ ಅಮ್ಮಿ ಮಾತ್ರ ಬೈಯಲಿಲ್ಲ. “ಮನೇಲಿ ಅಕ್ಕಿ ಇಲ್ಲ, ಈ ಹುಡುಗ ದಿನವಿಡೀ ಮಲಗಿರ್ತಾನೆ. ಅವಳು ಇನ್ನೇನು ಮಾಡ್ಬೇಕು?” ಅಂದರು. ಎರಡನೇ ಸಲ ನೋಡಿದಾಗ ಆ ಪ್ರಶ್ನೆ ಚಿತ್ರದ ಒಳಗೇ ಇರುವುದು ಕಂಡಿತು. ಮಾತು ಸಹಿಸದೆ ಮನೆ ಬಿಟ್ಟವನು ಸೇತಾ. ವಾಪಸ್ ಹೋಗಿ ಕ್ಷಮೆ ಕೇಳು ಅಂತ ರೈತನೊಬ್ಬ ಬುದ್ಧಿ ಹೇಳಿದರೂ ಅವನು ಹೋಗುವುದಿಲ್ಲ. ಬ್ಯಾಂಕಿನಲ್ಲಿ ಉಳಿದ ದುಡ್ಡು ತೆಗೆಯುವ ಹೊತ್ತಿಗೆ ಯುದ್ಧವೇ ಮುಗಿದಿದೆ, ತಂಗಿಗೆ ಊಟ ಒಳಗೆ ಹೋಗುತ್ತಿಲ್ಲ. ನಿರ್ದೇಶಕ ಇಸಾವೊ ತಕಾಹತಾ ಇದನ್ನು ಯುದ್ಧವಿರೋಧಿ ಚಿತ್ರ ಅಂತ ಕರೆಯುವುದನ್ನು ಒಪ್ಪುತ್ತಿರಲಿಲ್ಲ. ಯಾಕೆ ಅಂತ ಇಲ್ಲಿ ಅರ್ಥವಾಗುತ್ತದೆ. ಬಾಂಬನ್ನು ಬೈದು ನಾವು ಆರಾಮಾಗಿ ಮಲಗೋ ಹಾಗಿಲ್ಲ. ಹುಡುಗನ ಹಮ್ಮು, ಹೆಂಗಸಿನ ಕಹಿ, ಅಕ್ಕಪಕ್ಕದವರ ಮೌನ, ಎಲ್ಲಕ್ಕೂ ಪಾಲಿದೆ. ಕೊನೆಯ ಚಿತ್ರಿಕೆಯಲ್ಲಿ ಸತ್ತ ಮಕ್ಕಳಿಬ್ಬರೂ ಗುಡ್ಡದ ಮೇಲಿನ ಬೆಂಚಿನಲ್ಲಿ ಕೂತಿದ್ದಾರೆ, ಕೆಳಗೆ ಇವತ್ತಿನ ನಗರ ದೀಪಗಳಿಂದ ಝಗಝಗಿಸುತ್ತಿದೆ.

ನನ್ನ ತಕರಾರು ನದೀನ್ ಲಬಕಿಯವರ ‘ಕಪರ್ನೌಮ್’ ಜೊತೆ. 2018ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಬಹುಮಾನ ಪಡೆದ ಚಿತ್ರ. ಬೈರೂತಿನ ಕೊಳೆಗೇರಿಯ ಜೈನ್‌ಗೆ ಜನನ ಪ್ರಮಾಣಪತ್ರವಿಲ್ಲ. ವೈದ್ಯರು ಹಲ್ಲು ನೋಡಿ 12 ಇರಬಹುದು ಅಂತ ಊಹಿಸುತ್ತಾರೆ. ಆ ಪಾತ್ರ ಮಾಡಿದ ಹುಡುಗ ಸಿರಿಯಾದ ನಿರಾಶ್ರಿತ, ಅವನ ಕಣ್ಣಲ್ಲಿ ನಟನೆ ಹುಡುಕಿದರೂ ಸಿಗಲ್ಲ. ತಂಗಿ ಸಹರ್ ಮೈನೆರೆದದ್ದು ಗೊತ್ತಾದರೆ ಮದುವೆ ಮಾಡಿಬಿಡ್ತಾರೆ ಅಂತ ಹೆದರಿ ಅವಳ ಬಟ್ಟೆ ತಾನೇ ತೊಳೆಯುತ್ತಾನಲ್ಲ, ಆ ದೃಶ್ಯ ಅಲಿ–ಜಹ್ರಾರ ಬೂಟಿನ ಗುಟ್ಟಿಗಿಂತ ನೂರು ಪಟ್ಟು ಭಾರ. ಅಲ್ಲಿಯವರೆಗೆ ನನಗೆ ಯಾವ ದೂರೂ ಇಲ್ಲ.

ಆದರೆ ಚಿತ್ರ ಕಟ್ಟಿರುವುದೇ ಒಂದು ಕೋರ್ಟಿನ ಸುತ್ತ. ಹುಡುಗ ಅಪ್ಪ ಅಮ್ಮನ ಮೇಲೆ ದಾವೆ ಹೂಡಿದ್ದಾನೆ, ನನ್ನನ್ನು ಹುಟ್ಟಿಸಿದ್ದಕ್ಕೆ ಅಂತ. ಸಾಕಲು ಆಗದವರು ಮಕ್ಕಳನ್ನು ಹೆರಬಾರದು ಅನ್ನುವುದು ಅವನ ಬೇಡಿಕೆ. 12ರ ಹುಡುಗ ನೋವಿನಲ್ಲಿ ಹಾಗಂದರೆ ಅದು ನಿಜವೇ. ಚಿತ್ರವೂ ಅದನ್ನೇ ತನ್ನ ತೀರ್ಪು ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಆ ಮಾತು ನಮಗೆ ಹೊಸದಲ್ಲ. ಲೋಕಲ್ ರೈಲಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, ನಮ್ಮ ಮೊಹಲ್ಲಾಗಳ ಕಡೆ ಬೆರಳು ತೋರಿಸಿ ಇದೇ ಮಾತು ಆಡ್ತಾರೆ. ಅಳುವ ಹುಡುಗನ ಬಾಯಿಂದ ಬಂದಾಗ ಅದೇ ಮಾತು ಕರುಣೆಯಂತೆ ಕೇಳಿಸುತ್ತದೆ.

ಇನ್ನೂ ಬೇಸರದ ವಿಷಯ, ನಿಜವಾದ ಆರೋಪಿಗಳು ಚಿತ್ರದಲ್ಲೇ ಓಡಾಡಿಕೊಂಡಿದ್ದಾರೆ. ಹುಟ್ಟಿದ ಮಗುವಿಗೆ ಕಾಗದ ಕೊಡದ ವ್ಯವಸ್ಥೆ ಇದೆ. ಇಥಿಯೋಪಿಯಾದಿಂದ ಮನೆಗೆಲಸಕ್ಕೆ ಬಂದ ರಾಹಿಲ್ ಕಾಗದವಿಲ್ಲದ್ದಕ್ಕೆ ಜೈಲು ಸೇರುತ್ತಾಳೆ, ಅವಳ ಹಾಲು ಕುಡಿಯುವ ಕೂಸು ಜೈನ್‌ನ ಕೈಯಲ್ಲಿ ಉಳಿಯುತ್ತದೆ. ಇದನ್ನೆಲ್ಲ ಲಬಕಿ ತೋರಿಸುತ್ತಾರೆ, ಚೆನ್ನಾಗಿಯೇ ತೋರಿಸುತ್ತಾರೆ. ಕಟಕಟೆಗೆ ಮಾತ್ರ ಅಪ್ಪ ಅಮ್ಮನನ್ನೇ ಕರೆಯುತ್ತಾರೆ. ಅವರೇನೂ ಒಳ್ಳೆಯವರಲ್ಲ, ಎಳೆ ಮಗಳನ್ನು ಅಂಗಡಿಯವನಿಗೆ ಕೊಟ್ಟವರು, ಅದಕ್ಕೆ ಕ್ಷಮೆ ಇಲ್ಲ. ಆದರೂ ಮಜೀದಿ ತನ್ನ ಸಿಡುಕ ಅಪ್ಪನಿಗೆ ಕೊಟ್ಟ ಒಂದು ಸಕ್ಕರೆ ಚೂರಿನಷ್ಟು ಜಾಗವನ್ನು ಇವರಿಗೂ ಕೊಡಬಹುದಿತ್ತು.

ಒಂದೇ ಒಂದು ಕಡೆ ಕೊಟ್ಟಿದ್ದಾರೆ. ಜೈನ್‌ನ ವಕೀಲೆಯ ಪಾತ್ರ ಲಬಕಿ ಅವರೇ ಮಾಡಿದ್ದಾರೆ. ಆ ವಕೀಲೆಯ ಕಡೆ ತಿರುಗಿ ತಾಯಿ ಸುಆದ್, ನನ್ನ ಬದುಕು ಬದುಕಿ ನೋಡದ ನೀನು ನನ್ನನ್ನು ಅಳೆಯಬೇಡ ಅಂತ ಸಿಡಿಯುತ್ತಾಳೆ. ನಿರ್ದೇಶಕಿಗೇ ಬಿದ್ದ ಏಟು ಅದು. ಸ್ವಲ್ಪ ಹೊತ್ತಿಗೇ ಕ್ಯಾಮೆರಾ ಮುಂದೆ ಹೋಗಿಬಿಡುತ್ತದೆ. ಮನೆಯಲ್ಲಿ ನೋಡುವವರಿಗೆ ರಿಮೋಟ್ ಕೈಯಲ್ಲೇ ಇರುತ್ತದಲ್ಲ. ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಸುಆದ್ ಮಾತನ್ನು ಇನ್ನೊಂದು ಸಲ ಕೇಳಿ. ಪಕ್ಕದಲ್ಲಿ ನಿಮ್ಮ ಅಮ್ಮಿ ಕೂತಿದ್ದರೆ ಅವರಿಗೂ ಅರ್ಥ ಹೇಳಿ, ಅವರೇನಂತಾರೆ ನೋಡಿ.